ಇಟಲಿಯ ಬಿಸಿನೀರಿನ ಸ್ಪಾದಲ್ಲಿ 3 ದಿನ ಇದ್ದರೆ ಮೈಯ ನಂಜೆಲ್ಲ ಹೊರಬರುತ್ತಾ?

ಹಸಿರು ಗುಡ್ಡಗಳು, ಸಾಲಾಗಿ ನಿಂತ ಸೈಪ್ರಸ್ ಮರಗಳು, ನಡುವೆ ಹಬೆಯಾಡುವ ತೆಳುನೀಲಿ ನೀರಿನ ಕೊಳ. ಅದರಲ್ಲಿ ಕಣ್ಣು ಮುಚ್ಚಿ ಕುಳಿತ ಜನ. ಹಿನ್ನೆಲೆಯಲ್ಲಿ ಕೊಳಲಿನ ಸಂಗೀತ. ಈ ವಿಡಿಯೋ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಜೊತೆಗಿರುವ ಬರಹದ ಸಾರಾಂಶ ಇಷ್ಟು: ಇಟಲಿಯ ಹಳ್ಳಿಯ ಈ ನೀರಿನಲ್ಲಿ ಮೂರು ದಿನ ಕುಳಿತರೆ ದೇಹದ ನಂಜೆಲ್ಲ ಚರ್ಮದ ಮೂಲಕ ಹೊರಬರುತ್ತದೆ, ಖನಿಜಗಳು ಒಳಗಿಳಿದು ಮಂಡಿ ನೋವು ಮಾಯವಾಗುತ್ತದೆ, ಬೆಳ್ಳಿ ಒಡವೆ ಕಪ್ಪಾಗುವುದೇ ಇದಕ್ಕೆ ಸಾಕ್ಷಿ. ಕೊನೆಯಲ್ಲಿ ಒಂದು ಸೂಚನೆ: ಆ ಮೂರು ದಿನ ಇಂಗ್ಲಿಷ್ ಮಾತ್ರೆ ಮುಟ್ಟಬೇಡಿ, ಇಲ್ಲವಾದರೆ ಪರಿಣಾಮ ಸಿಗುವುದಿಲ್ಲ.

ಇದನ್ನು ನಮಗೆ ಕಳುಹಿಸಿದವರು ಮಿಲಾನ್‌ನಲ್ಲಿ ಕೆಲಸ ಮಾಡುವ ಓದುಗರೊಬ್ಬರು. ಅಪ್ಪ, ಅಮ್ಮ ಮೊದಲ ಸಲ ಮಗಳ ಮನೆಗೆ ಬಂದಿದ್ದಾರೆ. ಟಸ್ಕನಿಯ ಹಳ್ಳಿಗಾಡಿನ ಒಂದು ಸ್ಪಾ ಹೋಟೆಲಿನಲ್ಲಿ ಮೂರು ರಾತ್ರಿಗೆ ಕೋಣೆ ಬುಕ್ ಮಾಡಿದ್ದಾರೆ. ಅಷ್ಟರಲ್ಲಿ ಊರಿನಿಂದ ಚಿಕ್ಕಮ್ಮ ಈ ಫಾರ್ವರ್ಡ್ ಕಳುಹಿಸಿದ್ದಾರೆ. "ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಮಾತ್ರೆ ಡಬ್ಬಿ ಇಲ್ಲೇ ಇರಲಿ ಅಂತಿದ್ದಾರೆ. ನಾನು ಹೇಳಿದರೆ ಕೇಳುತ್ತಿಲ್ಲ. ನೀವಾದರೂ ಬರೆದು ಕಳಿಸಿ, ಓದಿ ಹೇಳುತ್ತೇನೆ" ಎಂಬುದು ಅವರ ಕೋರಿಕೆ.

ಹಾಗಾಗಿ ನಾವು ಈ ಫಾರ್ವರ್ಡಿನ ಒಂದೊಂದು ಮಾತನ್ನೂ ಬಿಡಿಸಿ ನೋಡಿದೆವು. ಉತ್ತರ ಮೊದಲೇ ಹೇಳಿಬಿಡುತ್ತೇವೆ. ಮಾತ್ರೆ ಡಬ್ಬಿ ಬ್ಯಾಗಿನಲ್ಲಿರಬೇಕು. ಹೋಟೆಲಿಗೂ ಹೋಗಬೇಕು. ಎರಡಕ್ಕೂ ಕಾರಣ ಇದೆ.

ಮೊದಲಿಗೆ, ಆ ನೀರು ಬಿಸಿಯಾಗುವುದು ಹೇಗೆ?

ಟಸ್ಕನಿ ಇರುವುದು ಇಟಲಿಯ ನಡುಭಾಗದಲ್ಲಿ. ಫ್ಲಾರೆನ್ಸ್ ಅದರ ರಾಜಧಾನಿ. ದಕ್ಷಿಣ ಟಸ್ಕನಿಯಲ್ಲಿ ಮೌಂಟ್ ಅಮಿಯಾಟಾ ಎಂಬ, ಬಹಳ ಹಿಂದೆಯೇ ಆರಿದ ಜ್ವಾಲಾಮುಖಿ ಇದೆ. ಮೇಲೆ ಬೆಂಕಿ ಆರಿದ್ದರೂ ನೆಲದಡಿಯ ಕಾವು ಆರಿಲ್ಲ. ಬಿದ್ದ ಮಳೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ, ಕಾಯುತ್ತದೆ, ದಾರಿಯಲ್ಲಿ ಸಿಕ್ಕ ಲವಣಗಳನ್ನು ಕರಗಿಸಿಕೊಳ್ಳುತ್ತದೆ, ಬಳಿಕ ಇನ್ನೊಂದು ಬಿರುಕಿನಿಂದ ಮೇಲೆ ಚಿಮ್ಮುತ್ತದೆ. ಇದೇ ಬಿಸಿನೀರಿನ ಬುಗ್ಗೆ.

ಇದೇ ಟಸ್ಕನಿಯ ಲಾರ್ಡರೆಲ್ಲೋ ಎಂಬಲ್ಲಿ 1904ರಲ್ಲಿ ನೆಲದಡಿಯ ಹಬೆಯಿಂದ ವಿದ್ಯುತ್ ತಯಾರಿಸಿ ಬಲ್ಬ್ ಹೊತ್ತಿಸಿದರು. ಭೂಶಾಖದಿಂದ ಕರೆಂಟ್ ತೆಗೆಯುವ ಕೆಲಸ ಜಗತ್ತಿನಲ್ಲಿ ಶುರುವಾದದ್ದೇ ಅಲ್ಲಿ. ಒಂದೆಡೆ ಕರೆಂಟ್ ಕೊಡುವ ಕಾವೇ ಇನ್ನೊಂದೆಡೆ ಸ್ನಾನದ ನೀರನ್ನೂ ಕಾಯಿಸುತ್ತಿದೆ.

ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವ ಮೆಟ್ಟಿಲು ಮೆಟ್ಟಿಲಾದ ಬಿಳಿ ಕೊಳಗಳು ಸತೂರ್ನಿಯಾ ಎಂಬ ಊರಿನವು. ಅಲ್ಲಿ ನೀರಿನ ಬಿಸಿ ಸುಮಾರು 37.5 ಡಿಗ್ರಿ ಸೆಲ್ಸಿಯಸ್, ಅಂದರೆ ಹೆಚ್ಚೂಕಡಿಮೆ ನಮ್ಮ ಮೈಯಷ್ಟೇ ಬೆಚ್ಚಗೆ. ಹಳೆಯ ಗಿರಣಿಯೊಂದರ ಪಕ್ಕದಲ್ಲಿರುವ ಆ ಕೊಳಗಳಲ್ಲಿ ಇಳಿಯಲು ಟಿಕೆಟ್ ಇಲ್ಲ. ಇನ್ನು ಬಾನ್ಯೊ ವಿನ್ಯೋನಿ ಎಂಬ ಪುಟ್ಟ ಊರಿನಲ್ಲಂತೂ ಊರ ನಡುವಿನ ಚೌಕದ ಜಾಗದಲ್ಲಿ ಬಿಸಿನೀರಿನ ದೊಡ್ಡ ಕೊಳವೇ ಇದೆ. ಆ ಕೊಳಕ್ಕೆ ಇಳಿಯುವಂತಿಲ್ಲ, ನೋಡಬಹುದಷ್ಟೆ. ಈ ಊರಿರುವ ಓರ್ಚಾ ಕಣಿವೆಯನ್ನು 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆ ಬಿಳಿ ಮೆಟ್ಟಿಲು ಆಗಿದ್ದು ಹೇಗೆ? ನಿಮ್ಮ ಮನೆಯಲ್ಲಿ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬಿಳಿ ಪದರ ಕಟ್ಟಿರುತ್ತದಲ್ಲ, ಅದರ ದೊಡ್ಡ ರೂಪ ಇದು. ಕರಗಿದ್ದ ಸುಣ್ಣದಂಶ ನೀರು ಹೊರಬಂದ ಮೇಲೆ ಕಲ್ಲಾಗಿ ಕೂರುತ್ತದೆ. ಈ ಕಲ್ಲಿಗೆ ಟ್ರಾವರ್ಟೀನ್ ಎನ್ನುತ್ತಾರೆ. ರೋಮ್‌ನ ಕೊಲೊಸಿಯಂ ಕಟ್ಟಲು ಬಳಸಿದ್ದೂ ಇದೇ ಜಾತಿಯ ಕಲ್ಲು.

ಇಂತಹ ಬುಗ್ಗೆಗಳ ಸುತ್ತ ಹಳೆಯ ಕಲ್ಲಿನ ತೋಟದ ಮನೆಗಳು ಹೋಟೆಲುಗಳಾಗಿವೆ. ಆಲಿವ್ ತೋಟ, ದ್ರಾಕ್ಷಿ ತೋಟ, ಮರದ ಚಾವಣಿ, ಬೆಟ್ಟ ಕಾಣುವ ದೊಡ್ಡ ಕಿಟಕಿ, ಹೊರಗೆ ಬಿಸಿನೀರಿನ ಕೊಳ. ರೈತರೇ ತಮ್ಮ ಹೊಲದ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಪದ್ಧತಿಯೂ ಅಲ್ಲಿದೆ. ಅದಕ್ಕೆ ಅಗ್ರಿಟುರಿಸ್ಮೊ ಎಂದು ಹೆಸರು, ನಮ್ಮ ಮಲೆನಾಡಿನ ಹೋಂಸ್ಟೇ ಇದ್ದ ಹಾಗೆ. ಎಲ್ಲ ಸ್ಪಾ ಹೋಟೆಲಿನಲ್ಲೂ ಬುಗ್ಗೆಯ ನೀರೇ ಇರುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಇರುವುದು ಕಾಯಿಸಿದ ಸಾದಾ ನೀರು.

ಫಾರ್ವರ್ಡ್ ಮಾತು 1: "ಸ್ಪಾ ಎಂದರೆ ಲ್ಯಾಟಿನ್‌ನಲ್ಲಿ 'ನೀರಿನಿಂದ ಆರೋಗ್ಯ'"

ತಪ್ಪು, ಆದರೆ ಬಹಳ ಜನಪ್ರಿಯ ತಪ್ಪು. 'ಸಾಲುಸ್ ಪೆರ್ ಆಕ್ವಮ್' ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳಿಂದ 'ಸ್ಪಾ' ಬಂತು, ರೋಮನ್ನರು ಹಾಗೆ ಬರೆಯುತ್ತಿದ್ದರು ಎಂಬ ಕಥೆ ಹೋಟೆಲುಗಳ ಬೋರ್ಡಿನಲ್ಲೂ ಕಾಣುತ್ತದೆ. ನಿಜಕ್ಕೂ ಸ್ಪಾ ಎಂಬುದು ಬೆಲ್ಜಿಯಂನ ಒಂದು ಊರಿನ ಹೆಸರು. ಅಲ್ಲಿನ ಖನಿಜಯುಕ್ತ ಬುಗ್ಗೆಗಳು ಎಷ್ಟು ಹೆಸರಾದವೆಂದರೆ ಊರಿನ ಹೆಸರೇ ಇಂಥ ಜಾಗಗಳಿಗೆಲ್ಲ ಅಂಟಿಕೊಂಡಿತು. ಲ್ಯಾಟಿನ್ ವಿವರಣೆ ಆಮೇಲೆ ಹೊಂದಿಸಿದ್ದು.

ತಮಾಷೆ ಏನೆಂದರೆ, ಬಿಸಿನೀರಿನ ಚಿಕಿತ್ಸೆಗಾಗಿಯೇ ಇಟಲಿ 2000ರಲ್ಲಿ ಮಾಡಿದ ಕಾನೂನಿನಲ್ಲೂ 'ಸ್ಪಾ' ಪದದ ಪಕ್ಕ ಕಂಸದಲ್ಲಿ ಈ ಲ್ಯಾಟಿನ್ ವಿಸ್ತರಣೆ ಸೇರಿಕೊಂಡಿದೆ! ಆದರೆ ಆ ಕಾನೂನು ಹೇಳುವ ವಿಷಯ ಮುಖ್ಯವಾದದ್ದು. ಚಿಕಿತ್ಸಾ ಗುಣ ಇದೆಯೆಂದು ಮಾನ್ಯತೆ ಪಡೆದ ಕಡೆಗೆ ಮಾತ್ರ 'ತೆರ್ಮೆ' (ಬಿಸಿನೀರಿನ ಚಿಕಿತ್ಸಾ ಕೇಂದ್ರ) ಎಂಬಂಥ ಪದಗಳನ್ನು ಬಳಸಬೇಕು. ಸುಮ್ಮನೆ ಮಸಾಜ್, ಕೊಳ, ಹಬೆಕೋಣೆ ಇರುವ ಜಾಗ ಅದಲ್ಲ. ಅದಕ್ಕೆ ಇಟಲಿಯವರು 'ಕ್ಷೇಮ ಕೇಂದ್ರ' ಎಂಬ ಅರ್ಥದ ಬೇರೆ ಹೆಸರನ್ನು ಇಟ್ಟುಕೊಂಡಿದ್ದಾರೆ.

ಇಟಲಿಯ ಸರ್ಕಾರಿ ಆರೋಗ್ಯ ವ್ಯವಸ್ಥೆ ಅಲ್ಲಿನ ಜನರಿಗೆ ತೆರ್ಮೆ ಚಿಕಿತ್ಸೆಯ ಖರ್ಚಿನ ಬಹುಪಾಲನ್ನು ಭರಿಸುವುದೂ ಉಂಟು. ಅದಕ್ಕೆ ವೈದ್ಯರ ಚೀಟಿ ಬೇಕು, ನಿಗದಿತ ಕಾಯಿಲೆಗಳ ಪಟ್ಟಿಯಲ್ಲಿ ನಿಮ್ಮ ತೊಂದರೆ ಇರಬೇಕು. ಸಾಮಾನ್ಯವಾಗಿ ಕೊಡುವುದು 12 ಸರದಿಯ ಚಿಕಿತ್ಸೆ, ಅದೂ ವರ್ಷಕ್ಕೊಮ್ಮೆ. ಇಲ್ಲಿ ಗಮನಿಸಬೇಕಾದದ್ದು ಎರಡು. ಈ ನೀರಿನ ಮೇಲೆ ನೂರಾರು ವರ್ಷಗಳ ನಂಬಿಕೆ ಇರುವ ದೇಶವೂ ಮೂರು ದಿನದಲ್ಲಿ ಗುಣವಾಗುತ್ತದೆ ಎಂದು ಹೇಳುವುದಿಲ್ಲ. ವೈದ್ಯರನ್ನು ಬಿಟ್ಟು ಹೋಗಿ ಎಂದೂ ಹೇಳುವುದಿಲ್ಲ.

ಫಾರ್ವರ್ಡ್ ಮಾತು 2: "ಬೆಳ್ಳಿ ಕಪ್ಪಾದರೆ ನಂಜು ಹೊರಬಂತು ಎಂದರ್ಥ"

ಬೆಳ್ಳಿ ಕಪ್ಪಾಗುವುದು ನಿಜ. ಹೇಳಿದ ಕಾರಣ ಸುಳ್ಳು.

ಸತೂರ್ನಿಯಾದಂಥ ಬುಗ್ಗೆಗಳ ನೀರಿನಲ್ಲಿ ಗಂಧಕದ ಅಂಶ ಇರುತ್ತದೆ. ಹತ್ತಿರ ಹೋದರೆ ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲದಿಂದ. ಅದು ಬೆಳ್ಳಿಯ ಜೊತೆ ಸೇರಿದಾಗ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರ ಉಂಟಾಗುತ್ತದೆ. ಇದಕ್ಕೆ ಮನುಷ್ಯನ ಮೈಯೇ ಬೇಕಿಲ್ಲ. ಕಾಲುಂಗುರವನ್ನು ಬಿಚ್ಚಿ ಬರಿ ನೀರಿನಲ್ಲಿ ಅದ್ದಿಟ್ಟರೂ ಕಪ್ಪಾಗುತ್ತದೆ. ದೇವರ ಮನೆಯ ಬೆಳ್ಳಿ ದೀಪ ಬೀರುವಿನಲ್ಲಿ ಇಟ್ಟಲ್ಲೇ ಕಪ್ಪಾಗುತ್ತದಲ್ಲ? ಅಲ್ಲಿ ಯಾರ ನಂಜೂ ಹೊರಬಂದಿರುವುದಿಲ್ಲ. ಗಾಳಿಯಲ್ಲಿರುವ ಅಲ್ಪಸ್ವಲ್ಪ ಗಂಧಕದ ಅಂಶ ನಿಧಾನವಾಗಿ ಮಾಡುವ ಕೆಲಸವನ್ನು ಈ ನೀರು ಬೇಗ ಮಾಡುತ್ತದೆ, ಅಷ್ಟೇ. ವಿಭೂತಿಯಲ್ಲಿ ಉಜ್ಜಿದರೆ ದೀಪದ ಹಾಗೆಯೇ ಕಾಲುಂಗುರವೂ ಬೆಳ್ಳಗಾಗುತ್ತದೆ. ಅದಕ್ಕಿಂತ ಒಳ್ಳೆಯದು, ನೀರಿಗಿಳಿಯುವ ಮೊದಲೇ ಬಿಚ್ಚಿಡುವುದು.

ಇನ್ನು ನಂಜಿನ ವಿಷಯ. ಫಾರ್ವರ್ಡುಗಳಲ್ಲಿ 'ಟಾಕ್ಸಿನ್' ಎಂಬ ಪದ ಎಲ್ಲೆಡೆ ಇರುತ್ತದೆ, ಆದರೆ ಯಾವ ಟಾಕ್ಸಿನ್ ಎಂದು ಯಾವತ್ತೂ ಇರುವುದಿಲ್ಲ. ರಕ್ತದಲ್ಲಿನ ಬೇಡದ ವಸ್ತುಗಳನ್ನು ನಿಭಾಯಿಸುವುದು ಮುಖ್ಯವಾಗಿ ಲಿವರ್ ಮತ್ತು ಕಿಡ್ನಿ. ನಮ್ಮ ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನು ವಾಪಸ್ ರಕ್ತಕ್ಕೆ ಸೇರಿಸಿ, ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಬೆವರಿನಲ್ಲಿ ಇರುವುದು ಬಹುತೇಕ ನೀರು ಮತ್ತು ಉಪ್ಪು. ಬೆವರುವುದರ ಮುಖ್ಯ ಉದ್ದೇಶ ಮೈ ತಣ್ಣಗಾಗಿಸುವುದೇ ಹೊರತು ಕಸ ಹೊರಹಾಕುವುದಲ್ಲ. ನೀರು ಚರ್ಮದಿಂದ ನಂಜು 'ಎಳೆಯುವ' ದಾರಿ ಯಾವುದೂ ದೇಹದಲ್ಲಿಲ್ಲ.

ಕೆಲವು ಸ್ಪಾಗಳಲ್ಲಿ ಪಾದವನ್ನು ನೀರಿನ ಯಂತ್ರದಲ್ಲಿ ಇಟ್ಟು, ನೀರು ಕಂದು ಬಣ್ಣಕ್ಕೆ ತಿರುಗಿದಾಗ "ನೋಡಿ, ನಿಮ್ಮ ನಂಜು" ಎಂದು ತೋರಿಸುವುದುಂಟು. ಅದೂ ಇದೇ ಥರದ ಆಟ. ಉಪ್ಪು ನೀರಿನಲ್ಲಿ ಕರೆಂಟ್ ಹರಿದು ಯಂತ್ರದ ಲೋಹದ ತುಂಡು ತುಕ್ಕು ಹಿಡಿಯುವುದರಿಂದ ಆ ಬಣ್ಣ ಬರುತ್ತದೆ. ಪಾದ ಇಡದೆ ಯಂತ್ರ ಓಡಿಸಿದರೂ ನೀರು ಕಂದಾಗುತ್ತದೆ.

ಫಾರ್ವರ್ಡ್ ಮಾತು 3: "ಖನಿಜ ಒಳಗಿಳಿದು ಮಂಡಿ ನೋವು ಹೋಗುತ್ತದೆ"

ಇದು ಅರ್ಧ ಸತ್ಯ. ನೋವು ಕಡಿಮೆಯಾಗಬಹುದು. ಆದರೆ ಅದಕ್ಕೆ ಖನಿಜವೇ ಕಾರಣ ಎನ್ನಲು ಗಟ್ಟಿ ಪುರಾವೆ ಇಲ್ಲ.

ಚರ್ಮ ಇರುವುದೇ ಹೊರಗಿನದನ್ನು ಹೊರಗೇ ತಡೆಯಲು. ಅದರ ಮೇಲ್ಪದರ ಸತ್ತ ಜೀವಕೋಶ ಮತ್ತು ಕೊಬ್ಬಿನಿಂದಾದ ಗೋಡೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಷ್ಟು ಸುಲಭವಾಗಿ ಇದನ್ನು ದಾಟುವುದಿಲ್ಲ. ಹಾಗಿಲ್ಲದಿದ್ದರೆ ಸಮುದ್ರಕ್ಕೆ ಇಳಿದವರೆಲ್ಲ ಮೈತುಂಬಾ ಉಪ್ಪು ತುಂಬಿಕೊಂಡು ಬರಬೇಕಿತ್ತು.

ಹಾಗಾದರೆ ಮಂಡಿಗೆ ಹಿತ ಅನಿಸುವುದು ಯಾಕೆ? ಮೂರು ಸರಳ ಕಾರಣಗಳಿವೆ.

ಒಂದು, ತೇಲುವಿಕೆ. ನೀರು ಮುಳುಗಿದ ವಸ್ತುವನ್ನು ಮೇಲಕ್ಕೆ ಒತ್ತುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ ಆರ್ಕಿಮಿಡೀಸ್ ಇದ್ದದ್ದು ಇಂದಿನ ಇಟಲಿಗೆ ಸೇರಿದ ಸಿಸಿಲಿ ದ್ವೀಪದ ಸಿರಾಕ್ಯೂಸ್‌ನಲ್ಲಿ. 70 ಕೆಜಿ ತೂಕದವರು ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ. ಕುತ್ತಿಗೆ ಮಟ್ಟಕ್ಕೆ ಇಳಿದರೆ ಹತ್ತರಲ್ಲಿ ಒಂದು ಪಾಲಿನಷ್ಟು, ಅಂದರೆ 7 ಕೆಜಿಯ ಆಸುಪಾಸು. ಇಡೀ ದಿನ ಮೈಭಾರ ಹೊತ್ತ ಮಂಡಿಗೆ ಇದಕ್ಕಿಂತ ಆರಾಮ ಬೇರೇನು ಬೇಕು? ನೆಲದ ಮೇಲೆ ಮಂಡಿ ಮಡಚಲಾಗದವರೂ ನೀರಿನಲ್ಲಿ ಮಡಚಬಲ್ಲರು.

ಎರಡು, ಬಿಸಿ. ಬಿಸಿಗೆ ರಕ್ತನಾಳ ಹಿಗ್ಗುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ನೋವು ಅಷ್ಟಾಗಿ ತಿಳಿಯುವುದಿಲ್ಲ. ಅಜ್ಜಿ ಬಿಸಿನೀರಿನ ಶಾಖ ಕೊಡುತ್ತಿದ್ದದ್ದೂ ಇದೇ ಕಾರಣಕ್ಕೆ. ಉತ್ತರ ಇಟಲಿಯ ಪಾದುವಾ ನಗರದ ಹತ್ತಿರ ಆಬಾನೊ ಎಂಬ ಊರಿದೆ. ಅಲ್ಲಿ ಸುಮಾರು 80 ಡಿಗ್ರಿಯಷ್ಟು ಬಿಸಿಯಾದ ಬುಗ್ಗೆಯ ನೀರಿನಲ್ಲಿ ಜೇಡಿಮಣ್ಣನ್ನು ವಾರಗಟ್ಟಲೆ ನೆನೆಸಿಟ್ಟು ಹದ ಮಾಡುತ್ತಾರೆ. ಅದನ್ನು ಮೈ ತಡೆಯುವಷ್ಟು ಬಿಸಿಗೆ ಇಳಿಸಿ ಕೀಲುಗಳಿಗೆ ಮೆತ್ತುತ್ತಾರೆ. ಮಣ್ಣು ಬಿಸಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದ ಶಾಖ ಹೆಚ್ಚು ಹೊತ್ತು ಸಿಗುತ್ತದೆ.

ಮೂರು, ಬಿಡುವು. ಅಡುಗೆ ಇಲ್ಲ, ಮೆಟ್ಟಿಲು ಹತ್ತಿಳಿಯುವುದಿಲ್ಲ, ನಿದ್ದೆ ಚೆನ್ನಾಗಿ ಆಗುತ್ತದೆ. ನಿದ್ದೆ ಕೆಟ್ಟವರಿಗೆ ನೋವು ಹೆಚ್ಚಾಗಿ ಕಾಣುವುದು ನಮಗೆಲ್ಲ ಅನುಭವದಿಂದ ಗೊತ್ತು.

ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸಂಧಿವಾತಕ್ಕೆ ಖನಿಜ ನೀರಿನ ಸ್ನಾನದ ಬಗ್ಗೆಯೂ ಪರಿಶೀಲನೆ ಮಾಡಿದೆ. ಮಂಡಿ ಸವೆತದ ನೋವಿನಲ್ಲಿ ಸ್ವಲ್ಪ ಉಪಯೋಗ ಕಂಡರೂ, ನಡೆದ ಅಧ್ಯಯನಗಳು ಚಿಕ್ಕವು, ಗುಣಮಟ್ಟ ಸಾಲದು, ಖಚಿತವಾಗಿ ಹೇಳಲಾಗದು ಎಂಬುದು ಅದರ ಸಾರ. ಇಲ್ಲೊಂದು ತೊಡಕೂ ಇದೆ. ಮಾತ್ರೆಯಾದರೆ ರೋಗಿಗೆ ತಿಳಿಯದಂತೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಬಿಸಿನೀರಿನ ಕೊಳದಲ್ಲಿ ಕೂತವರಿಗೆ ತಾವು ಕೂತಿಲ್ಲ ಎಂದು ನಂಬಿಸುವುದು ಹೇಗೆ?

ಒಟ್ಟಿನಲ್ಲಿ, ಸವೆದ ಮಂಡಿ ಮತ್ತೆ ಬೆಳೆಯುವುದಿಲ್ಲ. ಆದರೆ ನೋವಿಗೆ ಕೆಲದಿನ ಬಿಡುವು ಸಿಗಬಹುದು. ಅದೂ ಸಣ್ಣ ಲಾಭವಲ್ಲ.

ಫಾರ್ವರ್ಡ್ ಮಾತು 4: "ರೋಮನ್ನರು 2000 ವರ್ಷ ಇದರಿಂದಲೇ ಆರೋಗ್ಯವಾಗಿದ್ದರು"

ರೋಮನ್ನರು ಸ್ನಾನಪ್ರಿಯರು ಎಂಬುದು ನಿಜ. ಆದರೆ ಅದರಿಂದ ಅವರ ಆರೋಗ್ಯ ಎಷ್ಟು ಸುಧಾರಿಸಿತು? ಕೇಂಬ್ರಿಡ್ಜ್‌ನ ಸಂಶೋಧಕರೊಬ್ಬರು ರೋಮನ್ ಕಾಲದ ಶೌಚಗುಂಡಿ, ಸಮಾಧಿಗಳಲ್ಲಿ ಸಿಕ್ಕ ಜಂತುಹುಳುಗಳ ಕುರುಹುಗಳನ್ನು ಒಟ್ಟು ಸೇರಿಸಿ 2016ರಲ್ಲಿ ಬರೆದರು. ಸ್ನಾನಗೃಹ, ಶೌಚಾಲಯ ಎಲ್ಲ ಬಂದ ಮೇಲೂ ಹೊಟ್ಟೆಯ ಹುಳುಗಳು ಕಡಿಮೆಯಾದ ಲಕ್ಷಣ ಅವರಿಗೆ ಕಾಣಲಿಲ್ಲ. ಆಗಾಗ ಬದಲಿಸದ ಬೆಚ್ಚಗಿನ ನೀರಿನಲ್ಲಿ ನೂರಾರು ಜನ ಮುಳುಗೆದ್ದರೆ ಹುಳುಗಳಿಗೂ ಹಬ್ಬವೇ. ಹಳೆಯದು ಎಂಬ ಒಂದೇ ಕಾರಣಕ್ಕೆ ಯಾವುದೂ ಒಳ್ಳೆಯದಾಗುವುದಿಲ್ಲ.

ಈ ವಿಷಯ ಓದುವಾಗ ನಮಗೆ ತುಂಬಾ ಹಿಡಿಸಿದ್ದು 16ನೇ ಶತಮಾನದ ಒಬ್ಬ ಫ್ರೆಂಚ್ ಲೇಖಕ, ಮಾಂಟೇನ್. ಇವರಿಗೆ ಕಿಡ್ನಿ ಕಲ್ಲಿನ ಕಾಟ. ಪರಿಹಾರ ಹುಡುಕಿ 1580-81ರಲ್ಲಿ ಯುರೋಪಿನ ಬುಗ್ಗೆಗಳನ್ನು ಸುತ್ತುತ್ತಾ ಟಸ್ಕನಿಯ ಲುಕ್ಕಾ ಬಳಿಯ ಬಿಸಿನೀರಿನ ಊರಿಗೆ ಬಂದರು. ಎಷ್ಟು ಲೋಟ ನೀರು ಕುಡಿದೆ, ಎಷ್ಟು ಹೊತ್ತು ಸ್ನಾನ ಮಾಡಿದೆ, ಏನಾಯಿತು ಎಂದು ದಿನಚರಿ ಬರೆದಿಟ್ಟರು. ಬೋರ್ಡೊ ನಗರದ ಮೇಯರ್ ಆಗಿ ಆಯ್ಕೆಯಾದ ಸುದ್ದಿ ಅವರಿಗೆ ತಲುಪಿದ್ದೂ ಅಲ್ಲಿಯೇ. ಕಲ್ಲಿನ ಕಾಟ ಮಾತ್ರ ಬಿಡಲಿಲ್ಲ.

ಬುಗ್ಗೆಗಳ ಬಗ್ಗೆ ಅವರು ತಮ್ಮ ಪ್ರಬಂಧವೊಂದರಲ್ಲಿ ಬರೆದ ಅಭಿಪ್ರಾಯ ಇಂದಿನ ಫ್ಯಾಕ್ಟ್‌ಚೆಕ್‌ನಂತಿದೆ. ಪವಾಡದ ಹಾಗೆ ಗುಣವಾಯಿತೆಂಬ ಸುದ್ದಿಗಳನ್ನು ತಾವೇ ವಿಚಾರಿಸಿದಾಗ ಎಲ್ಲವೂ ಸುಳ್ಳೆಂದು ತಿಳಿಯಿತು, ಜನ ತಾವು ಬಯಸಿದ್ದನ್ನು ಬೇಗ ನಂಬುತ್ತಾರೆ ಎನ್ನುತ್ತಾರೆ. ಹಾಗೆಂದು ಹೋಗಬೇಡಿ ಎನ್ನುವುದಿಲ್ಲ. ಸ್ನಾನ ಒಳ್ಳೆಯದು, ಅಲ್ಲಿನ ಜನರ ಒಡನಾಟ, ನಡಿಗೆ, ಸುತ್ತಲಿನ ಚೆಲುವನ್ನು ಅನುಭವಿಸುವಷ್ಟು ಉತ್ಸಾಹ ಇಲ್ಲದೆ ಹೋದವರು ಅದರ ಅತ್ಯುತ್ತಮ ಲಾಭವನ್ನೇ ಕಳೆದುಕೊಳ್ಳುತ್ತಾರೆ ಎಂಬುದು ಅವರ ಮಾತಿನ ತಾತ್ಪರ್ಯ. 400 ವರ್ಷ ದಾಟಿದರೂ ಇದಕ್ಕೆ ತಿದ್ದುಪಡಿ ಬೇಕಾಗಿಲ್ಲ.

ಫಾರ್ವರ್ಡ್ ಮಾತು 5: "ಪ್ರಕೃತಿಯ ಮಡಿಲೇ ಔಷಧಿ"

'ಔಷಧಿ' ಎನ್ನುವುದು ಹೆಚ್ಚಾಯಿತು. ಆದರೆ ಹಸಿರು ನಮಗೆ ಹಿತ ಎಂಬುದಕ್ಕೆ ಒಳ್ಳೆಯ ಅಧ್ಯಯನಗಳಿವೆ.

ಬಹಳ ಹೆಸರಾದದ್ದು 1984ರ ಒಂದು ಪುಟ್ಟ ಅಧ್ಯಯನ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆಗಳನ್ನು ರೋಜರ್ ಉಲ್ರಿಚ್ ಹೋಲಿಸಿದರು. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು, ಅವರಿಗೆ ಬೇಕಾದ ಬಲವಾದ ನೋವು ನಿವಾರಕಗಳೂ ಕಡಿಮೆ. ಇಂದು ಹೋಟೆಲುಗಳು 'ಪ್ರಕೃತಿಪ್ರೇರಿತ ವಿನ್ಯಾಸ' ಎಂದು ದೊಡ್ಡ ಕಿಟಕಿ, ಮರದ ಗೋಡೆ, ಒಳಾಂಗಣದ ಗಿಡ ತೋರಿಸಿ ಹಣ ಕೇಳುವುದರ ಹಿಂದೆ ಇಂಥ ಅಧ್ಯಯನಗಳ ನೆರಳಿದೆ.

2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ ಇನ್ನೊಂದು ಅಧ್ಯಯನ ಬಂತು. ವಾರಕ್ಕೆ ಒಟ್ಟು 120 ನಿಮಿಷವಾದರೂ ಪಾರ್ಕು, ಕಾಡು, ಕಡಲತೀರದಂಥ ಕಡೆ ಕಳೆದವರು ತಾವು ಆರೋಗ್ಯವಾಗಿದ್ದೇವೆ, ನೆಮ್ಮದಿಯಾಗಿದ್ದೇವೆ ಎಂದು ಹೇಳುವ ಸಾಧ್ಯತೆ ಹೆಚ್ಚಿತ್ತು. ಆ 120 ನಿಮಿಷ ಒಂದೇ ದಿನ ಆದರೂ, ಹಂಚಿಕೊಂಡರೂ ವ್ಯತ್ಯಾಸ ಕಾಣಲಿಲ್ಲ. ಇಲ್ಲೊಂದು ಎಚ್ಚರಿಕೆ. ಹಸಿರಿನಿಂದ ಆರೋಗ್ಯ ಬಂತೋ, ಆರೋಗ್ಯ ಇದ್ದವರೇ ಹೊರಗೆ ತಿರುಗಿದರೋ ಎಂಬುದನ್ನು ಇಂಥ ಅಧ್ಯಯನ ಪೂರ್ತಿ ಬಿಡಿಸಿ ಹೇಳಲಾರದು.

ಗಮನಿಸಿ, ಇಲ್ಲೆಲ್ಲೂ ಐಷಾರಾಮಿ ಹೋಟೆಲ್ ಎಂಬ ಮಾತಿಲ್ಲ. ಕೊಳದ ಪಕ್ಕ ಮೊಬೈಲ್ ನೋಡುತ್ತಾ ಕೂತವರಿಗಿಂತ ಆಲಿವ್ ತೋಟದಲ್ಲಿ ಅರ್ಧ ಗಂಟೆ ನಡೆದವರಿಗೇ ಲಾಭ ಜಾಸ್ತಿ. ಆ ನಡಿಗೆಗೆ ಬಿಲ್ ಇಲ್ಲ.

ಇನ್ನು ಅಪಾಯದ ವಿಷಯ: ಮಾತ್ರೆ ಬಿಟ್ಟರೆ ಏನಾಗುತ್ತದೆ?

ಇದು ಈ ಬರಹದ ಮುಖ್ಯ ಭಾಗ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ.

ಬಿಪಿ ಇರುವವರು: ಬಿಸಿನೀರಿನಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಇದನ್ನು ನೋಡಿಯೇ "ಮಾತ್ರೆ ಬೇಡ" ಎಂಬ ಮಾತು ಹುಟ್ಟಿರಬೇಕು. ಆದರೆ ಆ ಇಳಿಕೆ ತಾತ್ಕಾಲಿಕ. ಮಾತ್ರೆ ನಿಲ್ಲಿಸಿದರೆ ಬಿಪಿ ಮತ್ತೆ ಏರುತ್ತದೆ. ಕೆಲವು ಬಗೆಯ ಬಿಪಿ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಮೊದಲಿಗಿಂತಲೂ ಮೇಲೆ ಜಿಗಿಯಬಹುದು. ಇನ್ನೊಂದು ಕಡೆ, ಮಾತ್ರೆ ತೆಗೆದುಕೊಂಡವರು ತುಂಬಾ ಹೊತ್ತು ಬಿಸಿನೀರಿನಲ್ಲಿದ್ದು ಥಟ್ಟನೆ ಎದ್ದರೆ ತಲೆ ಸುತ್ತಿ ಒದ್ದೆ ಕಲ್ಲಿನ ಮೇಲೆ ಬೀಳುವ ಅಪಾಯ ಇದೆ. ಪರಿಹಾರ ಮಾತ್ರೆ ಬಿಡುವುದಲ್ಲ. 10-15 ನಿಮಿಷಕ್ಕೆ ಹೊರಬರುವುದು, ಕಂಬಿ ಹಿಡಿದು ನಿಧಾನವಾಗಿ ಏಳುವುದು, ಜೊತೆಗೊಬ್ಬರು ಇರುವುದು.

ಶುಗರ್ ಇರುವವರು: ವರ್ಷಗಟ್ಟಲೆ ಶುಗರ್ ಇದ್ದರೆ ಪಾದದ ನರಗಳು ಮಂದವಾಗಿರಬಹುದು. ನೀರು ಸುಡುತ್ತಿದ್ದರೂ ಕಾಲಿಗೆ ತಿಳಿಯುವುದಿಲ್ಲ. ಕೈ ಅದ್ದಿ ನೋಡಿ, ಹೊರಬಂದ ಮೇಲೆ ಪಾದದಲ್ಲಿ ಗಾಯ, ಗುಳ್ಳೆ ಇದೆಯೇ ನೋಡಿ. ಇನ್ಸುಲಿನ್ ಚುಚ್ಚಿಕೊಂಡ ಕೂಡಲೇ ಬಿಸಿನೀರಿಗೆ ಇಳಿದರೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಅಂಶ ಕುಸಿಯಬಹುದು.

ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಜ್ವರ ಅಥವಾ ತೆರೆದ ಗಾಯ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಹೋಟೆಲಿನಲ್ಲಿ ವೈನ್ ಕೊಟ್ಟರೆ ಅದು ಸ್ನಾನದ ನಂತರವೇ ಇರಲಿ. ಮದ್ಯ ಮತ್ತು ಬಿಸಿನೀರು ಎರಡೂ ಬಿಪಿ ಇಳಿಸುತ್ತವೆ.

ನೀರಿನಲ್ಲಿ ತಲೆ ಮುಳುಗಿಸಬೇಡಿ, ಮೂಗಿಗೆ ನೀರು ಎಳೆಯಬೇಡಿ. ಕೇರಳದಿಂದ ವರದಿಯಾದ 'ಮೆದುಳು ತಿನ್ನುವ ಅಮೀಬಾ' ಸುದ್ದಿ ನೀವು ಓದಿರುತ್ತೀರಿ. ಅಂಥ ಅಮೀಬಾಗಳಿಗೆ ಬೆಚ್ಚಗಿನ ಸಿಹಿನೀರು ಇಷ್ಟ. ಸೋಂಕು ತೀರಾ ಅಪರೂಪ, ಆದರೆ ಅದು ಬರುವುದು ಮೂಗಿನ ಮೂಲಕ. ಸರಿಯಾಗಿ ಶುಚಿ ಮಾಡದ ಬಿಸಿನೀರಿನ ತೊಟ್ಟಿಯ ತುಂತುರಿನಿಂದ ಬರುವ ನ್ಯುಮೋನಿಯಾ ಇನ್ನೊಂದು. ಲೀಜನೇರ್ಸ್ ಎಂಬ ಈ ಕಾಯಿಲೆ ಮೊದಲು ಪತ್ತೆಯಾದದ್ದೇ 1976ರಲ್ಲಿ ಅಮೆರಿಕದ ಒಂದು ಹೋಟೆಲಿನಲ್ಲಿ. ಕೊಳವನ್ನು ಹೇಗೆ ಶುಚಿ ಮಾಡುತ್ತೀರಿ ಎಂದು ಕೇಳುವುದು ಅತಿಥಿಯ ಹಕ್ಕು, ಸಂಕೋಚ ಬೇಡ.

ಗಂಧಕದ ವಾಸನೆ ಜೋರಾಗಿರುವ ಮುಚ್ಚಿದ ಕೋಣೆಯಲ್ಲಿ ಕಿಟಕಿ ಇಲ್ಲದಿದ್ದರೆ ಹೆಚ್ಚು ಹೊತ್ತು ಕೂರಬೇಡಿ. ಆ ಅನಿಲ ಬಯಲಿನಲ್ಲಿ ಚದುರಿಹೋಗುತ್ತದೆ, ಮುಚ್ಚಿದಲ್ಲಿ ಶೇಖರವಾಗುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ.

ಇಟಲಿಗೆ ಹೋಗಲಾಗದವರು ಏನು ಕಳೆದುಕೊಂಡರು?

ಒಳ್ಳೆಯ ನೋಟ ಮತ್ತು ಒಳ್ಳೆಯ ಊಟ. ಆರೋಗ್ಯದ ಲೆಕ್ಕದಲ್ಲಿ ಅಷ್ಟೇನಿಲ್ಲ.

ಬಿಸಿನೀರಿನ ಬುಗ್ಗೆ ನಮ್ಮಲ್ಲೂ ಇದೆ. ದಕ್ಷಿಣ ಕನ್ನಡದ ಪುತ್ತೂರು ತಾಲ್ಲೂಕಿನ ಇರ್ದೆ ಬಳಿ ಬೆಂದ್ರ್ ತೀರ್ಥ ಇದೆ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಅಲ್ಲೂ ಗಂಧಕದ ವಾಸನೆ, ಅಲ್ಲೂ ಚರ್ಮರೋಗ ವಾಸಿಯಾಗುತ್ತದೆ ಎಂಬ ನಂಬಿಕೆ. ಟಸ್ಕನಿಯ ನೀರಿನ ಬಗ್ಗೆ ಮೇಲೆ ಹೇಳಿದ ಮಾತೇ ಇದಕ್ಕೂ ಅನ್ವಯ.

ಬುಗ್ಗೆಯೂ ಬೇಡ ಎನ್ನುವವರಿಗೆ ಬಚ್ಚಲು ಮನೆ ಇದೆ. ಮಲಗುವ ಒಂದೆರಡು ಗಂಟೆ ಮೊದಲು 40 ಡಿಗ್ರಿಯ ಆಸುಪಾಸಿನ ಬಿಸಿನೀರಿನ ಸ್ನಾನ ಮಾಡಿದವರಿಗೆ ನಿದ್ದೆ ಸರಾಸರಿ 10 ನಿಮಿಷದಷ್ಟು ಬೇಗ ಬರುತ್ತದೆ ಎಂದು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಸಂಶೋಧಕರು ಕಂಡುಕೊಂಡರು. ಸ್ನಾನದ ನಂತರ ಮೈ ತಣ್ಣಗಾಗುವುದೇ ದೇಹಕ್ಕೆ "ಇನ್ನು ಮಲಗು" ಎಂಬ ಸೂಚನೆ.

ಇನ್ನೊಂದು ಮಾತು. ರಜೆಯಿಂದ ಸಿಕ್ಕ ಹಗುರತನ ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಕರಗುತ್ತದೆ ಎಂದು ಈ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಎಷ್ಟು ದುಬಾರಿ ಹೋಟೆಲ್ ಆದರೂ ಅಷ್ಟೇ. ಹಾಗಾಗಿ ವರ್ಷಕ್ಕೊಮ್ಮೆಯ ಮೂರು ದಿನಕ್ಕಿಂತ ವಾರ ವಾರವೂ ಮರದ ಕೆಳಗಿನ ಎರಡು ಗಂಟೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕೊನೆಗೆ, ಆ ಅಮ್ಮನಿಗೆ

ನಾವು ವೈದ್ಯರಲ್ಲ. ಹೊರಡುವ ಮೊದಲು ಊರಿನ ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ, "ಬಿಸಿನೀರಿನ ಕೊಳಕ್ಕೆ ಇಳಿಯಬಹುದಾ, ಎಷ್ಟು ಹೊತ್ತು?" ಎಂದು ಕೇಳಿ. ಅವರು ಸರಿ ಎಂದರೆ ಖಂಡಿತ ಇಳಿಯಿರಿ. ಕಾಲುಂಗುರ ಬಿಚ್ಚಿ ಮಗಳ ಕೈಗೆ ಕೊಡಿ. ಮೆಟ್ಟಿಲು ಇಳಿಯುವಾಗ ಯಜಮಾನರ ಕೈ ಹಿಡಿದುಕೊಳ್ಳಿ. ಕುತ್ತಿಗೆವರೆಗೆ ನೀರಿನಲ್ಲಿ ಕೂತು ಮಂಡಿಯನ್ನು ಮೆಲ್ಲಗೆ ಮಡಚಿ, ಬಿಡಿಸಿ. ಎದುರಿಗೆ ಬೆಟ್ಟ ನೋಡಿ. ಹದಿನೈದು ನಿಮಿಷಕ್ಕೆ ಎದ್ದು ಬಂದು ನೀರು ಕುಡಿಯಿರಿ. ಆಮೇಲೆ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ.

ನೀರು ಮಾಡುವ ಕೆಲಸ ನೀರು ಮಾಡುತ್ತದೆ, ಮಾತ್ರೆ ಮಾಡುವ ಕೆಲಸ ಮಾತ್ರೆ ಮಾಡುತ್ತದೆ. ಒಂದಕ್ಕೊಂದು ಬದಲಿಯಲ್ಲ.

ಈ ಬರಹವನ್ನು ಆ ವಿಡಿಯೋ ಬಂದ ಗ್ರೂಪಿಗೇ ಕಳುಹಿಸಿ. ಚಿಕ್ಕಮ್ಮನ ಮೇಲೆ ಮಾತ್ರ ರೇಗಬೇಡಿ. ಅಕ್ಕನ ಮಂಡಿ ನೋವು ಹೋಗಲಿ ಎಂಬ ಆಸೆಯಿಂದಲೇ ಅವರು ಅದನ್ನು ಫಾರ್ವರ್ಡ್ ಮಾಡಿದ್ದು.